ಬಾನೆಟ್ ಬಿಸಿ ಇತ್ತು

ಹಳೆಯ ಕಾರು ಕೊಳ್ಳಲು ಹೊರಟವರು ಯಾರೇ ಕೇಳಲಿ, ನಾನು ಹೇಳುತ್ತಿದ್ದ ಮೊದಲ ಮಾತು ಒಂದೇ. ಮಾರುವವರ ಮನೆ ತಲುಪಿದ ಕೂಡಲೇ ಕಾರಿನ ಬಣ್ಣ ನೋಡಬೇಡಿ, ಸೀಟು ಸವರಬೇಡಿ, ನಮಸ್ಕಾರಕ್ಕೂ ಮುಂಚೆ ಬಾನೆಟ್ ಮೇಲೆ ಅಂಗೈ ಇಡಿ. ತಣ್ಣಗಿದ್ದರೆ ಮಾತು ಮುಂದುವರಿಸಿ. ಬಿಸಿ ಇದ್ದರೆ ಅವರ ಮನೆಯ ಕಾಫಿಯನ್ನೂ ಕುಡಿಯದೆ ವಾಪಸ್ ಬನ್ನಿ. ಈ ಮಾತನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಒಂದು ಸಲ ನಾನೇ ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಆ ದಿನವನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮಾತು ಮೂಲದಲ್ಲಿ ಅಪ್ಪನದು. ಅಪ್ಪ ಮೈಸೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಡ್ರೈವರುಗಳು ಎಂಜಿನ್ನಲ್ಲಿ ಏನೋ ಸದ್ದು ಎಂದು ದೂರು ಕೊಟ್ಟು ಹೋಗುತ್ತಿದ್ದರು. ಸಂಜೆ, ದಿನವೆಲ್ಲ ಓಡಿ ಬಿಸಿಯಾದ ಬಸ್ಸಿನಲ್ಲಿ ಆ ಸದ್ದು ಎಷ್ಟು ಕಿವಿಗೊಟ್ಟರೂ ಕೇಳುತ್ತಿರಲಿಲ್ಲ. ಅಪ್ಪ ಮರುದಿನ ಬೆಳಿಗ್ಗೆ ಐದಕ್ಕೇ ಹೋಗಿ, ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿಯನ್ನು ತಾವೇ ಸ್ಟಾರ್ಟ್ ಮಾಡಿ ಕೇಳುತ್ತಿದ್ದರು. ರಜೆಯಲ್ಲಿ ನನ್ನನ್ನೂ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. "ತಣ್ಣಗಿರೋವಾಗ ಎಂಜಿನ್ ಸುಳ್ಳು ಹೇಳಲ್ಲ ಕಣೆ" ಎನ್ನುತ್ತಿದ್ದರು. ಮನುಷ್ಯರ ಬಗ್ಗೆ ಅಪ್ಪ ಅಂಥ ಸೂತ್ರವನ್ನೇನೂ ಹೇಳಿಕೊಡಲಿಲ್ಲ. ಅದನ್ನು ನಾನೇ ಸೇರಿಸಿಕೊಂಡೆ.

ಅಮೆರಿಕದ ಸಿಯಾಟಲ್ ಕಡೆಗೆ ಬಂದು, ಓವರ್‌ಲೇಕ್‌ನಲ್ಲಿ ಕೆಲಸಕ್ಕೆ ಸೇರಿ ಕೆಲವು ವರ್ಷವಾಗುವಷ್ಟರಲ್ಲಿ ನಮ್ಮ ಕನ್ನಡದವರ ನಡುವೆ ನನಗೊಂದು ಹೆಸರು ಬಂದಿತ್ತು. ಹೊಸದಾಗಿ ಬಂದವರು ನಗರದೊಳಗೆ, ಸೌತ್ ಲೇಕ್ ಯೂನಿಯನ್ನಲ್ಲಿ, ಆಫೀಸಿನ ಪಕ್ಕದಲ್ಲೇ ಮನೆ ಹಿಡಿದು, ನಡೆದುಕೊಂಡೋ ಬಸ್ಸಿನಲ್ಲೋ ಒಂದೆರಡು ವರ್ಷ ಕಳೆಯುತ್ತಾರೆ. ಆಮೇಲೆ ಮಗುವಾಗುತ್ತದೆ, ನಗರ ಬಿಟ್ಟು ನಮ್ಮ ಕಡೆ ರೆಡ್ಮಂಡಿಗೆ ಬರುತ್ತಾರೆ, ಕಾರು ಬೇಕಾಗುತ್ತದೆ, ಯಾರೋ ನನ್ನ ನಂಬರ್ ಕೊಡುತ್ತಾರೆ. ಸಾಫ್ಟ್‌ವೇರ್ ಕೆಲಸದ ಹೆಂಗಸು ಶನಿವಾರ ಬೆಳಿಗ್ಗೆ ಟಾರ್ಚ್ ಹಿಡಿದು ಕಾರಿನ ಅಡಿಗೆ ಮಲಗುವುದನ್ನು ನೋಡಿ ಮೊದಮೊದಲು ನಗುತ್ತಿದ್ದರು. ನಾಲ್ಕು ಜನರನ್ನು ಕೆಟ್ಟ ಕಾರಿನಿಂದ ಬಚಾವು ಮಾಡಿದ ಮೇಲೆ ನಗು ನಿಂತಿತು. ನಮ್ಮ ಕನ್ನಡದವರ ಫೋನ್ ಗುಂಪಿನಲ್ಲಿ ನಾನು 'ಬೇಡ' ಎಂದರೆ ಆ ಕಾರನ್ನು ಯಾರೂ ಮೂಸಿಯೂ ನೋಡುತ್ತಿರಲಿಲ್ಲ. ಸುಳ್ಳೇಕೆ, ಅದು ನನಗೆ ಇಷ್ಟವಾಗಿತ್ತು.

ಮನೆಮಂದಿಯ ಕಾರು ಕೊಳ್ಳುವವರಿಗೆ ನನ್ನ ಸಲಹೆ ಐದು ನಿಮಿಷದ್ದು. ವೇಗದ ಕಾರು ಬೇಕೆಂದು ಬಂದರೆ ಮಾತ್ರ ಒಂದು ಗಂಟೆ ಕೂರಿಸಿಕೊಳ್ಳುತ್ತಿದ್ದೆ. ಅಂಥ ಕಾರು ಹೊಸದರಲ್ಲಿ ಎಷ್ಟು ಮೆರೆಯುತ್ತದೋ ಹಳೆಯದಾದ ಮೇಲೆ ಅಷ್ಟೇ ಕಾಡುತ್ತದೆ. ಮೊದಲು ಟೈರು ನೋಡಿ. ನಾಲ್ಕೂ ಒಂದೇ ಕಂಪನಿಯದಾಗಿರಬೇಕು. ಕೈ ಒಳಗೆ ಹಾಕಿ ಒಳ ಅಂಚು ಮುಟ್ಟಿ, ಹೊರಗೆ ಚೆನ್ನಾಗಿ ಕಂಡರೂ ಅಲ್ಲಿ ನುಣ್ಣಗೆ ಸವೆದಿರುತ್ತದೆ. ಎಂಜಿನ್ನಿನ ಮೇಲ್ಮುಚ್ಚಳದ ಸುತ್ತ ಆಯಿಲ್ ಜಿನುಗುತ್ತದೆ, ಸುಟ್ಟ ವಾಸನೆ ಬಂದರೆ ಅದೇ. ನೀರು ಸುತ್ತಿಸುವ ಪಂಪು ಪ್ಲಾಸ್ಟಿಕ್ಕಿನದು, ಹೇಳದೆ ಕೇಳದೆ ಕೈಕೊಡುತ್ತದೆ. ಹಿಂದಿನ ಯಜಮಾನ ಹುಡುಗಾಟಕ್ಕೆ ಎಂಜಿನ್ನಿನ ಸಾಫ್ಟ್‌ವೇರ್ ಬದಲಾಯಿಸಿ ಮನಸೋಇಚ್ಛೆ ಓಡಿಸಿ, ಮಾರುವಾಗ ಮತ್ತೆ ಮೊದಲಿನಂತೆ ಮಾಡಿಟ್ಟಿರುತ್ತಾನೆ. ಸರ್ವೀಸಿನ ಫೈಲ್ ಇಲ್ಲದ ಕಾರು ಪುಕ್ಕಟೆ ಕೊಟ್ಟರೂ ಬೇಡ. ಎಲ್ಲಕ್ಕಿಂತ ಮುಖ್ಯ, ಎಂಜಿನ್ನಿನ ಒಳಗಿನ ಚೈನು. ಅದನ್ನು ಬಿಗಿಯಾಗಿ ಹಿಡಿದಿಡುವ ಭಾಗ ಸವೆದಿದ್ದರೆ, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಮೊದಲ ಎರಡು ಮೂರು ಸೆಕೆಂಡು ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಬರುತ್ತದೆ. ಆಯಿಲ್ ಮೇಲೇರಿದ ಕೂಡಲೇ ನಿಂತುಹೋಗುತ್ತದೆ. ಆ ಮೂರು ಸೆಕೆಂಡನ್ನು ಮುಚ್ಚಿಡಬೇಕೆಂದರೆ ಮಾರುವವನು ಮಾಡಬೇಕಾದ್ದು ಇಷ್ಟೇ: ನೀವು ಬರುವ ಮುಂಚೆ ಒಂದು ಸುತ್ತು ಓಡಿಸಿ ಬಿಸಿ ಮಾಡಿಡುವುದು.

ನಾನು ಅಂಕಲ್ ಎಂದು ಕರೆಯುವ ಹಿರಿಯರ ಪರಿಚಯವಾದದ್ದೂ ಕಾರಿನಿಂದಲೇ. ಟೋಟೆಮ್ ಲೇಕ್‌ನ ಅಂಗಡಿ ಸಾಲಿನ ಪಾರ್ಕಿಂಗಿನಲ್ಲಿ ನನ್ನ ಏಳು ಸೀಟಿನ ವ್ಯಾನಿನ ಬ್ಯಾಟರಿ ಸತ್ತುಹೋಗಿತ್ತು. ಮಗಳು ಹಿಂದಿನ ಸೀಟಿನಲ್ಲಿ ಅಳುತ್ತಿದ್ದಳು. ನಾನು ಚಕ್ರಕ್ಕೊಂದು ಒದ್ದು, "ನಿನ್ನ ಮನೆ ಹಾಳಾಗ, ಇವತ್ತೇ ಬೇಕಿತ್ತಾ ನಿಂಗೆ?" ಎಂದು ಬೈದೆ. ಹಿಂದಿನಿಂದ ಯಾರೋ "ಮೈಸೂರಲ್ಲಿ ಯಾವ ಕಡೆಯವರಮ್ಮ?" ಎಂದರು. ತಿರುಗಿ ನೋಡಿದರೆ ಬಿಳಿ ಗಡ್ಡದ, ಇಸ್ತ್ರಿ ಮಾಡಿದ ಅಂಗಿಯ ಹಿರಿಯರು, ಕೈಯಲ್ಲಿ ಬ್ಯಾಟರಿಗೆ ಸಿಕ್ಕಿಸುವ ಕೇಬಲ್. ಮೈಸೂರಿನ ಮುಸ್ಲಿಂ ಮನೆತನದವರು, ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಅವರ ಪಕ್ಕದಲ್ಲಿ ಆಂಟಿ ನಗು ತಡೆದುಕೊಂಡು ನಿಂತಿದ್ದರು. ವ್ಯಾನ್ ಸ್ಟಾರ್ಟ್ ಆದ ಮೇಲೆ ಅಂಕಲ್ ತಮ್ಮ ಕಾರು ತೋರಿಸಿದರು. ಕಡುನೀಲಿ ಬಣ್ಣದ, ಎರಡೇ ಬಾಗಿಲಿನ, ಆರು ಸಿಲಿಂಡರಿನ, ಕೈಯಲ್ಲೇ ಗೇರ್ ಹಾಕಿ ಓಡಿಸುವ ಕಾರು. ನಾನು ಅದರ ಸುತ್ತ ಎರಡು ಸಲ ಸುತ್ತಿ ಬಂದೆ.

ಅಲ್ಲಿಂದಾಚೆ ನಮ್ಮ ಎರಡು ಮನೆ ಒಂದಾಯಿತು. ಎರಡನೆಯ ಹೆರಿಗೆಯಲ್ಲಿ ಅಮ್ಮನಿಗೆ ವೀಸಾ ಸಿಗದಾಗ ಆಂಟಿ ಹದಿನೈದು ದಿನ ಡಬ್ಬಿ ಹೊತ್ತು ತಂದರು. ಅದರಲ್ಲಿ ಅರ್ಧದಷ್ಟು ದಿನ ಸಾರು, ನಮ್ಮ ಮನೆಯ ರೀತಿ ಕೇಳಿ ಕಲಿತು ಮಾಡಿದ್ದು. ಅಂಕಲ್ ಮತ್ತು ನಾನು ಅವರ ಗ್ಯಾರೇಜಿನಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಎಂಜಿನ್ನಿನ ಬಗ್ಗೆ ಹರಟುತ್ತಿದ್ದೆವು. ಅಪ್ಪ ತೀರಿಕೊಂಡ ಮೇಲೆ ಅಂಥ ಮಾತು ನನ್ನ ಜೊತೆ ಆಡುವವರೇ ಇರಲಿಲ್ಲ. ಒಂದು ದಿನ ಅವರು ಕಾರು ಸ್ಟಾರ್ಟ್ ಮಾಡಿದಾಗ ನಾನು ಕಿವಿಗೊಟ್ಟು, "ಅಂಕಲ್, ಚೈನ್ ಸ್ವಲ್ಪ ಮಾತಾಡ್ತಿದೆ. ಈಗಲೇ ನೋಡ್ಕೊಳ್ಳಿ. ನಾಳೆ ಮಾರೋ ಹೊತ್ತಿಗೆ ಬಿಸಿ ಮಾಡಿಟ್ಟು ಯಾಮಾರಿಸೋ ಹಾಗಾಗಬಾರದು" ಎಂದೆ. ಅವರು ಗಟ್ಟಿಯಾಗಿ ನಕ್ಕು, "ಮಾರೋದಾ? ನನ್ನ ಜನಾಜಾದ ಹಿಂದೆ ಇದನ್ನೇ ಓಡಿಸ್ಕೊಂಡು ಬಾ" ಎಂದರು. ಸಾವಿನ ಮಾತೇಕೆ ಎಂದು ಒಳಗಿನಿಂದ ಆಂಟಿ ಬೈದರು.

ಮಾರುವ ಮಾತು ಕಣ್ಣಿನಿಂದಾಗಿ ಬಂತು. ಅಂಕಲ್‌ಗೆ ಗ್ಲಾಕೋಮಾ. ಎದುರಿನದು ಕಾಣುತ್ತಿತ್ತು, ಅಕ್ಕಪಕ್ಕದ ನೋಟ ನಿಧಾನವಾಗಿ ಮುಚ್ಚಿಕೊಳ್ಳುತ್ತಿತ್ತು. ಇನ್ನು ಕಾರು ಮುಟ್ಟಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ ದಿನ ಆಂಟಿ ಕೀ ಎತ್ತಿ ಅಡುಗೆಮನೆಯ ಡಬ್ಬಿಯಲ್ಲಿಟ್ಟರು. ಎರಡು ವಾರ ಅಂಕಲ್ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ನನಗೆ ಕಾಲ್ ಮಾಡಿದರು.

"ಬೇಟಾ, ಗಾಡಿ ನೀನು ತಗೊಳ್ತೀಯಾ? ಬೇರೆಯವರಿಗೆ ಕೊಡೋಕೆ ಮನಸ್ಸಿಲ್ಲ. ರೇಟು ನೀನೇ ಹೇಳು. ಒಂದೇ ಒಂದು ಕಂಡೀಷನ್. ವಾರಕ್ಕೊಂದ್ಸಲ ನನ್ನನ್ನ ಪಕ್ಕದ ಸೀಟಲ್ಲಿ ಕೂರಿಸ್ಕೊಂಡು ಒಂದು ರೌಂಡ್ ಹೊಡಿಸ್ಬೇಕು. ಕಣ್ಣು ಹೋದ್ರೂ ಕಿವಿ ಇದೆಯಲ್ಲಪ್ಪ, ಸೌಂಡ್ ಕೇಳ್ಕೊಂಡು ಕೂತಿರ್ತೀನಿ."

ನನ್ನ ಕಣ್ಣು ತುಂಬಿತು. ಅವರಿಗಾಗಿ ಎಷ್ಟೋ, ನನಗಾಗಿಯೂ ಅಷ್ಟೇ. ಊರವರಿಗೆಲ್ಲ ಕಾರು ನೋಡಿಕೊಟ್ಟ ನಾನು ನನ್ನ ಪಾಲಿಗೆ ಬಂದ ವ್ಯಾನಿನಲ್ಲಿ ಮಕ್ಕಳ ಬಿಸ್ಕತ್ತಿನ ಚೂರು ಗುಡಿಸಿಕೊಂಡು ವರ್ಷಗಳನ್ನು ಕಳೆದಿದ್ದೆ. ಭಾನುವಾರ ಹತ್ತು ಗಂಟೆಗೆ ಬರುತ್ತೇನೆ ಎಂದೆ. "ಎಲ್ಲರ ಗಾಡಿ ಚೆಕ್ ಮಾಡೋ ಹಾಗೇ ನನ್ನದೂ ಚೆಕ್ ಮಾಡ್ಬೇಕು, ನೋಡು, ಮುಲಾಜಿಲ್ಲದೆ" ಎಂದರು ಅಂಕಲ್. ಅವರ ದನಿಯಲ್ಲಿ ಏನೋ ಹುಡುಗುತನದ ಖುಷಿ ಇತ್ತು. ಅದೇನೆಂದು ಆಗ ನನಗೆ ತಿಳಿಯಲಿಲ್ಲ.

ಆ ಭಾನುವಾರ ಜನವರಿಯ ಜಿಟಿಜಿಟಿ ಮಳೆ. ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ನಾನೂ ನನ್ನ ಗಂಡನೂ ಹೋದೆವು. ಗ್ಯಾರೇಜಿನ ಬಾಗಿಲು ತೆರೆದೇ ಇತ್ತು. ಅಂಕಲ್ ಸ್ವೆಟರ್ ತೊಟ್ಟು, ತಲೆ ಬಾಚಿಕೊಂಡು, ಮದುವೆಮನೆಯ ಬಾಗಿಲಲ್ಲಿ ನಿಂತವರ ಹಾಗೆ ನಿಂತಿದ್ದರು. ಕಾರು ಮಿಂಚುತ್ತಿತ್ತು. ಗೋಡೆಯ ಹಲಗೆಯ ಮೇಲೆ ಫೈಲು, ಅದರ ಪಕ್ಕ ಒಂದು ತಟ್ಟೆಯಲ್ಲಿ ನಾಲ್ಕು ನಿಂಬೆಹಣ್ಣು. ಆಂಟಿ ಅಂಗಡಿಯಿಂದ ಸ್ವಲ್ಪ ಮುಂಚೆ ನಡೆದು ಬಂದಿದ್ದರೆಂದು ಕಾಣುತ್ತದೆ, ಕೊಡೆ ಮಡಚುತ್ತಾ, "ಮೊದಲು ಒಳಗೆ ಬನ್ನಿ, ಶ್ಯಾವಿಗೆ ಉಪ್ಪಿಟ್ಟು ಆರಿಹೋಗುತ್ತೆ" ಎಂದರು. ನಾನು ನಗುತ್ತಲೇ, ಅಭ್ಯಾಸಬಲದಿಂದ, ಬಾನೆಟ್ ಮೇಲೆ ಕೈ ಇಟ್ಟೆ.

ಬಿಸಿ ಇತ್ತು.

"ಅಂಕಲ್, ಗಾಡಿ ಓಡಿಸಿದ್ರಾ?" ಎಂದೆ.

ಅವರು ನನ್ನನ್ನು ನೋಡಲಿಲ್ಲ, ಆಂಟಿಯನ್ನು ನೋಡಿದರು. "ಇಲ್ಲಪ್ಪ. ಎಲ್ಲಿ ಓಡಿಸ್ಲಿ? ನೀವು ಬರ್ತೀರಾಂತ ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟಿದ್ದೆ."

ನಾನು ಬಗ್ಗಿ ನೋಡಿದೆ. ಕಾರಿನ ಮೈ ಒಣಗಿತ್ತು, ಒರೆಸಿದ ಬಟ್ಟೆ ಮೂಲೆಯಲ್ಲಿ ಮುದುಡಿ ಬಿದ್ದಿತ್ತು. ಆದರೆ ಚಕ್ರದ ಮೇಲಿನ ಕಮಾನಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕೀ ಕಿತ್ತಿಟ್ಟು ವಾರಗಳಾದ ಕಾರಿನ ಬ್ರೇಕಿನ ಉಕ್ಕಿನ ತಟ್ಟೆಯ ಮೇಲೆ ತೆಳ್ಳಗೆ ತುಕ್ಕು ಕಟ್ಟಿರಬೇಕು. ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನನಗೆ ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು ಎನಿಸಿತು. ಚೈನಿನ ಸದ್ದು ಇನ್ನೂ ಇದೆ. ನಾನು ಬರುವುದು ಗೊತ್ತು. ಬಿಸಿ ಮಾಡಿಟ್ಟರೆ ಕೇಳುವುದಿಲ್ಲ ಎಂಬುದೂ ಗೊತ್ತು, ಯಾಕೆಂದರೆ ಇದೇ ಗ್ಯಾರೇಜಿನಲ್ಲಿ, ಇದೇ ಬಾಯಿಂದ ನಾನೇ ಹೇಳಿಕೊಟ್ಟದ್ದು. ಬೇರೆ ಯಾರೋ ಮಾಡಿದ್ದರೆ ನಕ್ಕು ಹೊರಟುಬಿಡುತ್ತಿದ್ದೆ. ಇವರು ಮಾಡಿದ್ದು ನನ್ನ ಎದೆಗೆ ನಾಟಿತು.

"ನನ್ನ ಹತ್ರಾನೇ ಈ ಆಟ ಆಡ್ತೀರಾ ಅಂಕಲ್?" ಎಂದೆ. "ಟೈರ್ ಒದ್ದೆ ಇದೆ. ಬ್ರೇಕ್ ನೋಡಿ ಹೇಗೆ ಹೊಳೀತಿದೆ. ನಿಂತಲ್ಲೇ ಸ್ಟಾರ್ಟ್ ಮಾಡಿದ್ದಾ ಇದು? ನೀವು ಹೀಗೆ ಮಾಡ್ತೀರಾಂತ ನಾನು ಕನಸಲ್ಲೂ ಅಂದ್ಕೊಂಡಿರಲಿಲ್ಲ."

ಅಂಕಲ್ ಮುಖ ಬಿಳಿಚಿತು. ಆಂಟಿ ಕೊಡೆ ಹಿಡಿದುಕೊಂಡು ಹಾಗೇ ನಿಂತರು. ನನ್ನ ಗಂಡ ಮೆಲ್ಲಗೆ, "ನಾಳೆ ಬೆಳಿಗ್ಗೆ ಬಂದು ಇನ್ನೊಂದ್ಸಲ ಕೇಳೋಣ ಬಿಡು" ಎಂದ. ಅದೇ ಸರಿಯಾದ ದಾರಿ. ಬೇರೆಯವರಿಗೆ ನಾನೂ ಎಷ್ಟೋ ಸಲ ಹಾಗೇ ಹೇಳಿದ್ದೇನೆ. ಆದರೆ ಸಿಟ್ಟು ನೆತ್ತಿಗೇರಿದರೆ ನನಗೆ ಬುದ್ಧಿ ಮಾತು ಹೇಳುವವರ ಮೇಲೂ ಸಿಟ್ಟು. ಅಂಕಲ್ ಫೈಲು ಎತ್ತಿಕೊಂಡು, "ಇದನ್ನಾದ್ರೂ ನೋಡು ಬೇಟಾ" ಎಂದು ಚಾಚಿದರು. ಫೈಲ್ ನೋಡದೆ ಮಾತಾಡಬೇಡಿ ಎಂದು ಜಗತ್ತಿಗೆಲ್ಲ ಉಪದೇಶ ಮಾಡುವ ನಾನು ಅದನ್ನು ಮುಟ್ಟಲಿಲ್ಲ. ಉಪ್ಪಿಟ್ಟನ್ನೂ ತಿನ್ನಲಿಲ್ಲ. ವ್ಯಾನ್ ಹತ್ತಿ ಬಾಗಿಲು ಎಳೆದುಕೊಂಡೆ.

ದಾರಿಯಲ್ಲಿ ಗಂಡ, "ಯಾಕೆ ಓಡಿಸಿದ್ರಿ ಅಂತ ಒಂದು ಮಾತು ಕೇಳಬಹುದಿತ್ತು" ಎಂದ.

"ಕೇಳೋದೇನಿದೆ? ಬಾನೆಟ್ಟೇ ಹೇಳ್ತು" ಎಂದೆ.

ಇಷ್ಟಕ್ಕೇ ನಿಂತಿದ್ದರೆ ಒಂದು ಜಗಳವೆಂದು ಮರೆಯಬಹುದಿತ್ತೋ ಏನೋ. ಅದೇ ವಾರ ನಮ್ಮ ಗುಂಪಿನಲ್ಲಿ ಯಾರೋ ಕೇಳಿದರು, ಟೋಟೆಮ್ ಲೇಕ್‌ನ ಹಿರಿಯರು ತಮ್ಮ ನೀಲಿ ಕಾರು ಮಾರುತ್ತಾರಂತೆ, ಹೇಗಿದೆ, ನೀವು ನೋಡಿದಿರಾ ಎಂದು. ಇನ್ನೂ ಉರಿಯುತ್ತಿದ್ದ ನಾನು ಮೂರು ಪದ ಟೈಪ್ ಮಾಡಿದೆ: 'ಹೋದಾಗ ಬಿಸಿ ಮಾಡಿಟ್ಟಿದ್ರು.' ಅದಕ್ಕೆ ಅರ್ಥ ಹೇಳಬೇಕಾದ ಅಗತ್ಯವೇ ಇರಲಿಲ್ಲ. ನನ್ನ ಪಾಠ ಕೇಳಿದವರೇ ಎಲ್ಲರೂ. ಇಬ್ಬರು ಹೆಬ್ಬೆರಳಿನ ಚಿಹ್ನೆ ಒತ್ತಿದರು, ಒಬ್ಬರು 'ಅವರೂ ಹೀಗಾ?' ಎಂದರು. ಆ 'ಅವರೂ' ಎಂಬುದನ್ನು ಓದಿ ನನಗೆ ಒಂದು ಕ್ಷಣ ಮುಜುಗರವಾಯಿತು. ಅಳಿಸಬಹುದಿತ್ತು. ಅಳಿಸಲಿಲ್ಲ.

ಕಾರು ನೋಡಲು ನಮ್ಮವರು ಯಾರೂ ಹೋಗಲಿಲ್ಲ. ಮಾರ್ಚಿನಲ್ಲಿ ಒಬ್ಬ ಡೀಲರ್ ಟ್ರಕ್ಕು ತಂದು ಅದನ್ನು ಹೊತ್ತುಕೊಂಡು ಹೋದನೆಂದು ಯಾರೋ ಹೇಳಿದರು. ಸಂತೋಷವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಒಂದು ಸಂಜೆ ಸಿಗ್ನಲ್ಲಿನಲ್ಲಿ ಅಂಥದೇ ನೀಲಿ ಕಾರು ಪಕ್ಕಕ್ಕೆ ಬಂದು ನಿಂತಾಗ ಮಗಳು, "ಅಮ್ಮಾ, ಲುಕ್, ಅಂಕಲ್ಸ್ ಕಾರ್!" ಎಂದು ಕಿಟಕಿಗೆ ಮುಖ ಒತ್ತಿದಳು. ಒಳಗೆ ಯಾರೋ ಅಪರಿಚಿತ. ಅದು ಅಂಕಲ್ ಕಾರಲ್ಲ, ನೋಡು ಎಂದೆ. "ದೆನ್ ವೇರ್ ಈಸ್ ಅಂಕಲ್?" ಎಂದಳು. ಹಸಿರು ದೀಪ ಬಂತು, ವ್ಯಾನ್ ಮುಂದಕ್ಕೆ ಬಿಟ್ಟೆ.

ಅವರು ಮತ್ತೆ ಸಿಕ್ಕಿದ್ದು ಆ ವರ್ಷದ ಬೇಸಿಗೆ ಮುಗಿದು ಅಕ್ಟೋಬರಿನ ಮಳೆ ಹಿಡಿದ ಮೇಲೆ. ನಾನು ಸೌತ್ ಲೇಕ್ ಯೂನಿಯನ್ನಲ್ಲಿ ಹೊಸದಾಗಿ ಬಂದವರೊಬ್ಬರಿಗೆ ಕಾರು ತೋರಿಸಿ, ಅವರ ಮನೆಯಲ್ಲೇ ಊಟ ಮುಗಿಸಿ, ವಾಪಸ್ ಬರುವಾಗ ಹಾಲು ಕೊಳ್ಳಲೆಂದು ಟೋಟೆಮ್ ಲೇಕ್‌ನಲ್ಲಿ ನಿಲ್ಲಿಸಿದ್ದೆ. ಅಂಗಡಿಯ ಸೂರಿನ ಕೆಳಗೆ ಆಂಟಿ ಎರಡೂ ಕೈಯಲ್ಲಿ ಚೀಲ ಹಿಡಿದು ನಿಂತಿದ್ದರು. ಅವರ ತೋಳಿಗೆ ಕೈ ಕೋದುಕೊಂಡು ಅಂಕಲ್, ಇನ್ನೊಂದು ಕೈಯಲ್ಲಿ ಬಿಳಿ ಕೋಲು. ನಾನು ಅವರನ್ನು ನೋಡಿಯೂ ನೋಡದವಳ ಹಾಗೆ ದಾಟಿಬಿಡುತ್ತಿದ್ದೆನೇನೋ. ಆಂಟಿ ನನ್ನನ್ನು ನೋಡಿ ಕರೆದೇಬಿಟ್ಟರು. ನನ್ನ ದನಿ ಕೇಳಿದ್ದೇ ಅಂಕಲ್ ಮುಖ ಅರಳಿತು. ಅದನ್ನು ನಾನು ನಿರೀಕ್ಷಿಸಿರಲಿಲ್ಲ.

"ನಮ್ಮ ಮೇಲೆ ಸಿಟ್ಟು ಇಳಿದಿಲ್ವಾ ಇನ್ನೂ?" ಎಂದರು. "ತಪ್ಪು ನನ್ನದೇ ಬೇಟಾ. ನಿನ್ನ ಹತ್ರ ಸುಳ್ಳು ಹೇಳ್ಬಾರ್ದಿತ್ತು. ನೀನು ಕಂಡುಹಿಡೀತೀಯಾಂತ ಗೊತ್ತಿತ್ತು, ಆದ್ರೆ ಇವಳು ಪಕ್ಕದಲ್ಲೇ ನಿಂತಿದ್ಲು. ಏನು ಮಾಡ್ಲಿ?"

ಆಂಟಿ ಮಧ್ಯೆ ಬಾಯಿ ಹಾಕಿದರು. "ನಾನು ಅಂಗಡಿಗೆ ಹೋಗಿದ್ದೇ ತಡ, ಡಬ್ಬಿಯಿಂದ ಕೀ ತೆಗೆದಿದಾರೆ ನೋಡು. ಆ ಕಣ್ಣಲ್ಲಿ! ನೀನು ಅಷ್ಟು ಬೈದು ಹೋದ್ಮೇಲೇ ಬಾಯಿಬಿಟ್ಟಿದ್ದು. ನಾನೂ ಎರಡು ದಿನ ಮಾತು ಬಿಟ್ಟೆ."

"ಬೆಳಕು ಹರಿದಿತ್ತು, ರೋಡ್ ಖಾಲಿ ಇತ್ತು. ಎರಡೇ ಮೈಲಿ" ಎಂದರು ಅಂಕಲ್, ಈಗಲೂ ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. "ಇನ್ನರ್ಧ ಗಂಟೆಗೆ ಬೇಟಾ ಬಂದು ತಗೊಂಡು ಹೋಗ್ತಾಳೆ, ಸ್ಟೇರಿಂಗ್ ಮುಂದೆ ಕೂರೋದು ಇದೇ ಲಾಸ್ಟು ಅನ್ನಿಸ್ತು. ತಡೆಯೋಕಾಗಲಿಲ್ಲ. ನಿಂಗೆ ಬೆಳಿಗ್ಗೆ ತಣ್ಣಗಿರೋವಾಗ ಸ್ಟಾರ್ಟ್ ಮಾಡಿ ಕೇಳಿಸ್ಬೇಕೂಂತ ಒಂದು ತಿಂಗಳಿಂದ ಕಾದಿದ್ದೆ. ನೀನು ಹೇಳಿದ್ದೆಯಲ್ಲ, ಆ ಚೈನಿನ ಕೆಲಸ, ಪೂರ್ತಿ ಮಾಡಿಸಿಟ್ಟಿದ್ದೆ. ಒಂದು ಚೂರು ಸದ್ದಿಲ್ಲ. ಬಿಲ್ಲು ಫೈಲಲ್ಲೇ ಇತ್ತು. ಸರ್ಪ್ರೈಸ್ ಕೊಡೋಣಾಂತ ಹೇಳಿರಲಿಲ್ಲ. ನನ್ನ ಆಸೆಗೆ ನಾನೇ ಹಾಳುಮಾಡ್ದೆ."

ನಾನು ಏನೋ ಹೇಳಲು ಹೋದೆ. ಅವರು ತಡೆದರು.

"ನೀನು ಬೈದಿದ್ದು ಸರಿನೇ" ಎಂದರು. "ಮಗಳಾಗಿದ್ರೂ ಹಾಗೇ ಬೈಯೋಳು. ಕಣ್ಣು ಕಾಣದೋನು ರೋಡಿಗೆ ಗಾಡಿ ಇಳಿಸಿದ್ರೆ ಸಿಟ್ಟು ಬರಲ್ವಾ? ಉಪ್ಪಿಟ್ಟೂ ತಿನ್ನದೆ ಹೋದೆಯಲ್ಲ, ಆವಾಗ್ಲೇ ಗೊತ್ತಾಯ್ತು, ನಿಂಗೆ ಎಷ್ಟು ಭಯ ಆಗಿರ್ಬೇಕೂಂತ."

ಒಂಬತ್ತು ತಿಂಗಳಿಂದ ಅವರು ನನ್ನ ಬಗ್ಗೆ ಹಾಗೆ ಅಂದುಕೊಂಡಿದ್ದರು. ನನ್ನ ಸಿಟ್ಟನ್ನು ಪ್ರೀತಿಯೆಂದು ತಿಳಿದು, ಅದನ್ನೇ ಆಂಟಿಗೂ ಹೇಳಿ ನಂಬಿಸಿ, ನನ್ನನ್ನು ಮಗಳ ಜಾಗದಲ್ಲಿಯೇ ಇಟ್ಟುಕೊಂಡಿದ್ದರು. ನಾನು ಅವರನ್ನು ಮೋಸಗಾರರೆಂದುಕೊಂಡೆ ಎಂಬ ಯೋಚನೆ ಆ ತಲೆಗೆ ಹೊಳೆದೇ ಇರಲಿಲ್ಲ. ಅಂದು ನಾನು ಕಂಡ ಸಾಕ್ಷಿಯೆಲ್ಲ ಸರಿಯಾಗಿಯೇ ಇತ್ತು. ಕಾರನ್ನು ಓಡಿಸಿದ್ದು ನಿಜ, ಒರೆಸಿದ್ದು ನಿಜ, ಸುಳ್ಳು ಹೇಳಿದ್ದೂ ನಿಜ. ಎದುರಿಗೆ ನಿಂತ ಮನುಷ್ಯ ಯಾರೆಂಬುದನ್ನು ಮಾತ್ರ ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ಆದ್ರೆ ಒಂದು ಅರ್ಥ ಆಗ್ಲಿಲ್ಲ" ಎಂದರು ಅಂಕಲ್. "ನಮ್ಮವರು ಒಬ್ಬರೂ ಗಾಡಿ ನೋಡೋಕೆ ಬರಲಿಲ್ಲಪ್ಪ. ಫೋನ್ ಮಾಡಿದೋರೂ ಮತ್ತೆ ಮಾಡಲಿಲ್ಲ. ಯಾಕೋ ಏನೋ."

ಈಗ ಹೇಳಬೇಕಿತ್ತು. ನಾನೇ ಕಾರಣ ಅಂಕಲ್, ನಿಮ್ಮ ಬಗ್ಗೆ ಮೂರು ಪದ ಬರೆದೆ ಎನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ. "ಮಳೆ ಜಾಸ್ತಿ ಆಗ್ತಿದೆ, ಬನ್ನಿ, ಮನೆಗೆ ಬಿಡ್ತೀನಿ" ಎಂದೆ.

ಚೀಲಗಳನ್ನು ತೆಗೆದುಕೊಂಡು ವ್ಯಾನಿನ ಹತ್ತಿರ ಕರೆದೊಯ್ದೆ. ಆಂಟಿ ಹಿಂದೆ ಹತ್ತಿದರು. ಅಂಕಲ್ ಮುಂದಿನ ಸೀಟಿಗೆ ಬರಲು ವ್ಯಾನಿನ ಮೈ ಸವರಿಕೊಂಡು ಮುಂಭಾಗವನ್ನು ಸುತ್ತಿ ಬರುತ್ತಿದ್ದರು. ಬಾನೆಟ್ ಮೇಲೆ ಅವರ ಅಂಗೈ ನಿಂತಿತು.

"ಚೆನ್ನಾಗಿ ಬಿಸಿ ಇದೆ" ಎಂದರು. "ಎಲ್ಲಿಂದಲೋ ದೂರದಿಂದ ಬಂದಿದೀಯ ಬೇಟಾ. ಊಟ ಆಯ್ತಾ?"

ಊಟ ಆಗಿತ್ತು. "ಇಲ್ಲ ಅಂಕಲ್" ಎಂದೆ.

ಅವರ ಮನೆಯಲ್ಲಿ ಗ್ಯಾರೇಜಿನ ಮೂಲಕವೇ ಒಳಗೆ ಹೋಗಬೇಕು. ಕಾರಿದ್ದ ಜಾಗದಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಇತ್ತು, ಎರಡು ಪ್ಲಾಸ್ಟಿಕ್ ಸ್ಟೂಲುಗಳು ಒಂದರ ಮೇಲೊಂದು ಇದ್ದವು. ಆಂಟಿ ಅನ್ನ ಬಿಸಿ ಮಾಡಿ, ಸಾರು ಹಾಕಿ, ತಟ್ಟೆಯ ತುದಿಯಲ್ಲಿ ಉಪ್ಪಿನಕಾಯಿ ಬಡಿಸಿದರು. ಸಣ್ಣ ಗಾಜಿನ ಬಾಟಲಿ, ಅದರ ತಳದಲ್ಲಿ ಕೆಲವೇ ಹೋಳುಗಳು ಉಳಿದಿದ್ದವು.

"ಅವತ್ತಿನ ನಿಂಬೆಹಣ್ಣೇ ಇದು" ಎಂದರು. "ಹೊಸ ಗಾಡಿ ತಗೊಂಡಾಗ ನಿಮ್ಮಲ್ಲಿ ಚಕ್ರದ ಕೆಳಗೆ ಇಡ್ತಾರಲ್ಲ, ನಿನ್ನ ಗಾಡಿಗೇಂತ ಇವರು ನನ್ನನ್ನ ಮಳೆಯಲ್ಲೇ ಅಟ್ಟಿ ತರಿಸಿದ್ರು. ನೀನು ಹೊರಟುಹೋದೆ. ಸುಮ್ನೆ ಕೆಟ್ಟುಹೋಗುತ್ತಲ್ಲಾಂತ ಉಪ್ಪಿಗೆ ಹಾಕ್ದೆ. ನೀನು ಬಂದಾಗ ಕೊಡೋಣಾಂತ ಸ್ವಲ್ಪ ಇಟ್ಟಿದ್ದೆ."

ಎದುರಿಗೆ ಅಂಕಲ್ ನನ್ನ ತಟ್ಟೆಯ ಸದ್ದಿಗೆ ಕಿವಿಗೊಟ್ಟು ಕೂತಿದ್ದರು. ಹೇಳಬೇಕೆಂದು ಎರಡು ಸಲ ತಲೆಯೆತ್ತಿದೆ. ಹೇಳಿದರೆ ನನ್ನ ಮನಸ್ಸು ಹಗುರವಾಗುತ್ತದೆ, ಅವರಿಗೆ ಒಂಬತ್ತು ತಿಂಗಳಿನಿಂದ ಇಟ್ಟುಕೊಂಡಿದ್ದ ಮಗಳು ಹೋಗುತ್ತಾಳೆ ಎಂದುಕೊಂಡೆ. ಅದು ನಿಜವೋ, ನನ್ನ ಹೇಡಿತನಕ್ಕೆ ನಾನೇ ಹೊಲಿದುಕೊಂಡ ಅಂಗಿಯೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆ ಮೂರು ಪದವನ್ನು ಅಂದೇ ಮನೆಗೆ ಹೋಗಿ ಅಳಿಸಲು ನೋಡಿದೆ. ಅಷ್ಟು ಹಳೆಯದನ್ನು ಎಲ್ಲರ ಫೋನಿನಿಂದ ತೆಗೆಯಲು ಬರುವುದಿಲ್ಲವಂತೆ. ಅವರು ಚೈನು ಬದಲಾಯಿಸಿದ್ದರು, ತಪ್ಪು ನನ್ನದು ಎಂದು ಅದರ ಕೆಳಗೇ ಬರೆದೆ. ಯಾವ ಕಾರಿನ ವಿಷಯ ಎಂದು ಒಬ್ಬರು ಕೇಳಿದರು.

ಅಂದು ತಟ್ಟೆಯಲ್ಲಿದ್ದ ಎರಡು ಹೋಳನ್ನೂ ತಿಂದೆ. ಆಂಟಿ ಬಾಟಲಿ ಬಗ್ಗಿಸಿ, "ಇನ್ನೊಂದು ಹಾಕ್ಲಾ?" ಎಂದರು.

"ಹಾಕಿ ಆಂಟಿ" ಎಂದೆ.